ಕಾಕಿಯ ಡಬ್ಬಿ, ರಂಗೀನ್ ಮಹಲಿನ ಗೋಡೆ

ಕೇಳುಗರಿಗೆ ನಮಸ್ಕಾರ.

ಬೀದರ ಕೋಟೆಗೆ ಹೋಗಿ ಬಂದವರನ್ನ "ಏನು ನೋಡಿದಿರಿ?" ಅಂತ ಕೇಳಿ. ಫೋನ್ ತೆಗೆದು ಫೋಟೊ ತೋರಿಸುತ್ತಾರೆ. ಎಲ್ಲದರಲ್ಲೂ ಅವರದೇ ಮುಖ! ಹಿಂದಿನ ಗೋಡೆ ಯಾವುದು ಅಂದರೆ ಗೊತ್ತಿಲ್ಲ. ಅದಕ್ಕೇ ಇವತ್ತು ಒಂದೇ ಮಾತು ಹೇಳುತ್ತೇನೆ. ಗೋಡೆ ಹತ್ತಿರ ಹೋಗಿ ನಿಲ್ಲಿ.

ಯಾವ ಗೋಡೆ? ರಂಗೀನ್ ಮಹಲಿನದು. ಕೋಟೆ ಮ್ಯೂಸಿಯಂ ಹತ್ತಿರವೇ ಇದೆ. 16ನೇ ಶತಮಾನದಲ್ಲಿ ಬೀದರನ್ನು ಆಳುತ್ತಿದ್ದ ಅಲಿ ಬರೀದ್ ಷಾ ಹೊಸದಾಗಿ ಕಟ್ಟಿಸಿದ್ದು. ಹೊರಗಿನಿಂದ ಸಪ್ಪೆ. ಒಳಗೆ ಕೆತ್ತನೆಯ ಮರದ ಕಂಬ, ಬಣ್ಣದ ಟೈಲ್ಸ್, ಕರಿ ಕಲ್ಲಿನಲ್ಲಿ ಕೂಡಿಸಿದ ಮುತ್ತಿನ ಚಿಪ್ಪು.

ಒಮ್ಮೆ ನಮ್ಮ ಕಾಕಿಯನ್ನು ಕರೆದುಕೊಂಡು ಹೋಗಿದ್ದೆ. ಮಹಲಿಗೆ ಬೀಗ. ಚಾವಿ ತರಲು ಒಬ್ಬರು ಹೋದರು. ಕಾಕಿ ಮೆಟ್ಟಿಲ ಮೇಲೆ ಕುಂತು, "ಹಾಳ ಗ್ವಾಡಿ ನೋಡ್ಲಕ್ಕ ಇಷ್ಟು ದೂರ ಕರಕೊಂಡ ಬಂದೇನಪಾ?" ಅಂತ ಎಲೆ ಅಡಿಕೆ ಡಬ್ಬಿ ತೆಗೆದಳು. ಮದುವೆಯಲ್ಲಿ ಬಂದ ಬಿದರಿ ಡಬ್ಬಿ ಅದು.

ಕೊನೆಗೂ ಬಾಗಿಲು ತೆಗೆದರು. ಒಳಗೆ ಮಬ್ಬು. ಕಾಕಿ ಗೋಡೆ ಮುಂದೆ ನಿಂತಳು, ಸ್ವಲ್ಪ ಪಕ್ಕಕ್ಕೆ ಸರಿದಳು. ಬೆಳಕು ಬಿದ್ದು ಚಿಪ್ಪಿನ ಬಳ್ಳಿ ಪಳ್ ಅಂತ ಹೊಳೆಯಿತು. ಅವಳು ಮತ್ತೆ ಡಬ್ಬಿ ತೆಗೆದು ಗೋಡೆಗೆ ಎದುರಾಗಿ ಹಿಡಿದಳು. "ತಮ್ಮಾ, ನನ್ನ ಡಬ್ಬಿನೇ ಗ್ವಾಡಿಗಿ ಹಚ್ಯಾರ ನೋಡು!"

ಎಷ್ಟೋ ವರ್ಷ ಇತಿಹಾಸ ಪಾಠ ಮಾಡಿದವನು ನಾನು. ನನಗೆ ಹೊಳೆದಿರಲಿಲ್ಲ. ಬಿದರಿ ಕೆಲಸ ಅಂದರೇನು? ಸತುವಿಗೆ ಚೂರು ತಾಮ್ರ ಸೇರಿಸಿ ಎರಕ ಹೊಯ್ಯುತ್ತಾರೆ. ಕೆತ್ತಿದ ಗೆರೆಯಲ್ಲಿ ಬೆಳ್ಳಿ ತಂತಿ ಬಡಿಯುತ್ತಾರೆ. ಕೊನೆಗೆ ಕೋಟೆಯ ಹಳೇ ಮಣ್ಣು, ನವಸಾಗರ ಅನ್ನೋ ಉಪ್ಪು ಕಲಸಿದ ಬಿಸಿ ನೀರು. ಲೋಹ ಕರ‍್ರಗಾಗುತ್ತದೆ, ಬೆಳ್ಳಿ ಬಿಳಿಯಾಗಿಯೇ ಉಳಿಯುತ್ತದೆ. ಗೋಡೆಯಲ್ಲೂ ಅದೇ ಕಪ್ಪು, ಅದೇ ಬಿಳಿ. ಹತ್ತಿರ ನಿಂತರೆ ಮಾತ್ರ ಕಾಣುವುದು, ಅಲ್ವಾ?

ಅಯ್ಯೋ, ಸಮಯ ಮುಗಿಯಿತು ಅಂತ ಸ್ಟುಡಿಯೋ ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ. ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗವಾನನ ಮದರಸಾದ ಬಗ್ಗೆ ಜಾಸ್ತಿ ಹೇಳಬೇಕೆಂದಿದ್ದೆ. 1472ರಲ್ಲಿ ಕಟ್ಟಿಸಿದ್ದು, ಅಲ್ಲಿನ ಗ್ರಂಥಾಲಯದಲ್ಲಿ 3000 ಹಸ್ತಪ್ರತಿ ಇದ್ದವಂತೆ. ಔರಂಗಜೇಬನ ಕಾಲದಲ್ಲಿ ಮದ್ದು ಸಿಡಿದು ಕಟ್ಟಡದ ಒಂದು ಭಾಗವೇ ಹೋಯಿತು. ಊರ ನಡುವಿನ ಚೌಬಾರಾ ಗೋಪುರದಿಂದ ಕೋಟೆಗೆ ಹೋಗುವ ದಾರಿಯಲ್ಲೇ ಸಿಗುತ್ತದೆ. ಉಳಿದ ಮಿನಾರಿನ ನೀಲಿ ಟೈಲ್ಸ್ ನೋಡಿ, ಅದನ್ನೂ ಹತ್ತಿರ ನಿಂತೇ ನೋಡಿ.

ಕಲಬುರಗಿಯಿಂದ 2017ರಿಂದ ರೈಲೂ ಇದೆ, ನೆಪ ಬೇಡ. ಗೋಡೆ ಮುಟ್ಟಬೇಡಿ. ರಂಗೀನ್ ಮಹಲಿಗೆ ಬೀಗ ಇದ್ದರೆ ಸುಮ್ನೆ ವಾಪಸ್ ಬರಬೇಡಿ, ಮ್ಯೂಸಿಯಂನಲ್ಲಿ ಕೇಳಿ. ಮೊಣಕಾಲು ನೋವಿನ ನಮ್ಮ ಕಾಕಿಯೇ ಅರ್ಧ ಗಂಟೆ ಕಾದಿದ್ದಳು.

ನಮಸ್ಕಾರ.