ನುಂಗುವಾಗ ನೋವಾ? ಎಚ್‌ಐವಿ ಇದ್ದವರು ‘ಗ್ಯಾಸ್’ ಅಂತ ಬಿಡಬೇಡಿ

(ಮೇಜಿನ ಮೇಲೆ ಒಂದು ಲೋಟ ಗಂಜಿ, ಪಕ್ಕದಲ್ಲಿ ಗುಲಾಬಿ ಬಣ್ಣದ ಅಸಿಡಿಟಿ ಸಿರಪ್)

ನಮಸ್ಕಾರ. ಮುಂಬೈಯ ಮಾಟುಂಗಾದ ಒಂದು ಹೋಟೆಲಲ್ಲಿ ದೋಸೆ ಹೊಯ್ಯುವ ಅಣ್ಣ ಒಬ್ಬರು, ಕುಂದಾಪುರ ಕಡೆಯವರು, ನನ್ನ ಹತ್ರ ಬಂದಿದ್ರು. ಎಚ್‌ಐವಿ ಇದೆ, ಮಾತ್ರೆಯೂ ತಗೊಳ್ತಾರೆ. ಆದ್ರೆ ಮೂರು ವಾರದಿಂದ ಗಂಜಿ ತಿಳಿ ಇಳಿಯುವಾಗಲೂ ಎದೆಯ ನಡುವೆ ಗೀರಿದ ಹಾಗೆ ನೋವು. “ಹೊತ್ತಿಗೆ ಸರಿಯಾಗಿ ಊಟ ಇಲ್ಲ ಸಿಸ್ಟರ್, ಗ್ಯಾಸ್” ಅಂದ್ರು. ಬಾಯಿ ತೆರೆಸಿ ಟಾರ್ಚ್ ಬಿಟ್ಟೆ. ಅಂಗುಳಲ್ಲಿ ಒಡೆದ ಮೊಸರಿನಂಥ ಬಿಳಿ ತೇಪೆಗಳು.

ಅದು ಕ್ಯಾಂಡಿಡಾ ಅನ್ನೋ ಫಂಗಸ್. ಬಹಳ ಜನರ ಬಾಯಲ್ಲಿ ಯಾವ ತೊಂದರೆಯನ್ನೂ ಮಾಡದೆ ಇರುತ್ತೆ, ಯಾಕಂದ್ರೆ ಕಾವಲಿಗೆ ಸಿಡಿ4 ಅನ್ನೋ, ರೋಗ ತಡೆಯೋ ರಕ್ತಕಣಗಳಿವೆ. ಅವುಗಳಲ್ಲೇ ಟಿಎಚ್17 ಅನ್ನೋ ಒಂದು ಬಗೆ ಇದೆ. ಫಂಗಸ್ ತಲೆ ಎತ್ತಿದ ಕೂಡಲೇ ಇವು ಐಎಲ್-17 ಅನ್ನೋ ಸಂದೇಶ ಕಳಿಸಿ ಬೇರೆ ಬಿಳಿ ರಕ್ತಕಣಗಳನ್ನು ಕರೆಸ್ತವೆ. ಅನ್ನನಾಳದ ಒಳಪದರಕ್ಕೂ ಫಂಗಸ್ ಕೊಲ್ಲುವ ಪ್ರೋಟೀನ್ ಸುರಿಸೋಕೆ ಹೇಳ್ತವೆ. ಎಚ್‌ಐವಿ ನಾಶ ಮಾಡೋದು ಈ ಕಾವಲುಗಾರರನ್ನೇ.

(ತೆರೆಯ ಮೇಲೆ: ಸಿಡಿ4 – 200, 50)

ರಕ್ತ ಪರೀಕ್ಷೆಯಲ್ಲಿ ಸಿಡಿ4 ಎಣಿಕೆ (ಒಂದು ಮೈಕ್ರೋಲೀಟರ್ ರಕ್ತದಲ್ಲಿ) 200ಕ್ಕಿಂತ ಕೆಳಗಿಳಿದರೆ ಫಂಗಸ್ ಬಾಯಿಂದ ಅನ್ನನಾಳಕ್ಕೆ ಇಳಿಯೋ ಅಪಾಯ ಹೆಚ್ಚು. ಅದಕ್ಕೇ ಅನ್ನನಾಳದ ಕ್ಯಾಂಡಿಡಾವನ್ನು ಏಡ್ಸ್ ಹಂತದ ಗುರುತು ಅಂತ ಎಣಿಸ್ತಾರೆ. 50ಕ್ಕಿಂತ ಕಮ್ಮಿಯಾದರೆ ಸಿಎಂವಿ ಅನ್ನೋ ವೈರಸ್‌ನಿಂದ ಅನ್ನನಾಳದಲ್ಲಿ ದೊಡ್ಡ ಹುಣ್ಣು ಆಗಬಹುದು. ಹರ್ಪಿಸ್ ಹುಣ್ಣೂ ಉಂಟು. ಬಾಯಿ ಶುಭ್ರವಾಗಿದ್ರೂ ಒಳಗೆ ರೋಗ ಇರಬಹುದು, ಇದನ್ನ ನೆನಪಿಡಿ. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ಬೀಡಿ-ಸಿಗರೇಟು, ಉಬ್ಬಸಕ್ಕೆ ಎಳೆಯೋ ಸ್ಟಿರಾಯ್ಡ್ ಇನ್‌ಹೇಲರ್ ಇವೆಲ್ಲ ಫಂಗಸ್‌ಗೆ ದಾರಿ ಮಾಡಿಕೊಡ್ತವೆ.

ಈಗ ಈ ಸಿರಪ್ ನೋಡಿ. ಅಣ್ಣ ದಿನಾ ರಾತ್ರಿ ಎರಡು ಮುಚ್ಚಳ ಕುಡಿದು, ಅದರ ಹಿಂದೆಯೇ ಎಆರ್‌ಟಿ ಮಾತ್ರೆ, ಅಂದ್ರೆ ಎಚ್‌ಐವಿ ಹತೋಟಿಯ ಮಾತ್ರೆ, ನುಂಗ್ತಿದ್ರು. ಸಿರಪ್‌ನಲ್ಲಿರೋ ಅಲ್ಯೂಮಿನಿಯಂ, ಮೆಗ್ನೀಸಿಯಂ ಆ ಮಾತ್ರೆಯಲ್ಲಿರೋ ಡೊಲುಟೆಗ್ರಾವಿರ್ ಅನ್ನೋ ಮದ್ದಿಗೆ ಅಂಟಿಕೊಂಡು ಅದು ರಕ್ತಕ್ಕೆ ಸೇರದ ಹಾಗೆ ಮಾಡ್ತವೆ. ನೋವಿಗೆ ಅಂತ ಕುಡಿದದ್ದು ಮದ್ದಿನ ಬಲವನ್ನೇ ಕಸಿದುಕೊಳ್ತಿತ್ತು. ಇಂಥ ಸಿರಪ್ ಬೇಕೇ ಬೇಕಾದರೆ ಎಆರ್‌ಟಿ ಮಾತ್ರೆ ನುಂಗಿ 2 ಗಂಟೆ ಆದ ಮೇಲೆ ಕುಡೀರಿ. ಸಿರಪ್ ಮೊದಲು ಕುಡಿದುಬಿಟ್ಟಿದ್ದರೆ ಮಾತ್ರೆಗೆ 6 ಗಂಟೆ ಕಾಯಿರಿ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆ ಇದ್ದರೆ ಅದನ್ನೂ ಡಾಕ್ಟರಿಗೆ ತೋರಿಸಿ. ಟಿಬಿಗೆ ರಿಫಾಂಪಿಸಿನ್ ನಡೀತಿದ್ರೆ ಡೊಲುಟೆಗ್ರಾವಿರ್ ದಿನಕ್ಕೆ ಎರಡು ಸಲ ಬೇಕಾಗುತ್ತೆ.

ಇನ್ನೊಂದು ಮಾತು. ರಾತ್ರಿ ಒಂದು ಗಂಟೆಗೆ ಕೆಲಸ ಮುಗಿಸಿ, ಒಂದು ಗುಟುಕು ನೀರಲ್ಲಿ ಮಾತ್ರೆ ನುಂಗಿ ಹಾಗೇ ಚಾಪೆ ಮೇಲೆ ಮಲಗ್ತೀರಲ್ಲ, ದಯವಿಟ್ಟು ಹಾಗೆ ಮಾಡಬೇಡಿ. ಕೆಲವು ಮಾತ್ರೆ, ಮುಖ್ಯವಾಗಿ ಡಾಕ್ಸಿಸೈಕ್ಲಿನ್, ಅನ್ನನಾಳದಲ್ಲೇ ಕೂತು ಹುಣ್ಣು ಮಾಡ್ತದೆ. ಲೋಟ ತುಂಬ ನೀರು ಕುಡೀರಿ, ಅರ್ಧ ಗಂಟೆ ಕೂತೇ ಇರಿ.

ಫಂಗಸ್‌ಗೆ ಮದ್ದಿದೆ. ಡಾಕ್ಟರು ಸಾಮಾನ್ಯವಾಗಿ ಫ್ಲುಕೊನಜೋಲ್ ಅನ್ನು 14ರಿಂದ 21 ದಿನ ಕೊಡ್ತಾರೆ. ಒಂದು ವಾರದೊಳಗೆ ನುಂಗೋದು ಹಗುರ ಆಗದಿದ್ರೆ ಎಂಡೋಸ್ಕೋಪಿ, ಅಂದ್ರೆ ಕ್ಯಾಮೆರಾ ಇರೋ ಕೊಳವೆ ಇಳಿಸಿ ನೋಡ್ತಾರೆ. ಅಂಗಡಿಯಿಂದ ನೀವೇ ತಂದು ನುಂಗಬೇಡಿ, ಗರ್ಭಿಣಿಯರಂತೂ ಬೇಡವೇ ಬೇಡ.

ಆದ್ರೆ ಸಿಡಿ4 ಏರದಿದ್ರೆ ಫಂಗಸ್ ಮತ್ತೆ ಬರುತ್ತೆ. ಆ ಅಣ್ಣನ ಡಬ್ಬಿಯ ಮಾತ್ರೆ ಎಣಿಸಿದಾಗ ಹನ್ನೊಂದು ಜಾಸ್ತಿ ಉಳಿದಿತ್ತು. ಊರಿನ ಕೋಲಕ್ಕೆ ಹೋಗಿದ್ರಂತೆ, ಮನೆಯವರ ಕಣ್ಣಿಗೆ ಬೀಳಬಾರದು ಅಂತ ಡಬ್ಬಿಯನ್ನ ಖೋಲಿಯಲ್ಲೇ ಬಿಟ್ಟಿದ್ರಂತೆ. ನಾನು ಬೈಯಲಿಲ್ಲ. ಊರಿಗೆ ಹೊರಡೋ ಮುಂಚೆ ನಿಮ್ಮ ಎಆರ್‌ಟಿ ಸೆಂಟರಿನಲ್ಲಿ ಒಂದು ಮಾತು ಹೇಳಿ, ಊರ ಹತ್ತಿರದ ಸೆಂಟರಿನಿಂದ ಮಾತ್ರೆ ಸಿಗುತ್ತಾ ಕೇಳಿ. ಸರ್ಕಾರಿ ಸೆಂಟರುಗಳಲ್ಲಿ 2004ರಿಂದ ಎಆರ್‌ಟಿ ಮದ್ದು ಉಚಿತ. ಯಾರ ಹತ್ರ ಕೇಳೋದು ಅಂತ ಸಂಕೋಚ ಇದ್ದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ದುಡ್ಡು ಬೀಳಲ್ಲ.