ಕೋಳಿ ಕಾವಿಗೆ ಕೂತಿದೆಯಾ, ಮೊಟ್ಟೆ ಸಿಕ್ಕಿಹಾಕಿಕೊಂಡಿದೆಯಾ?

[ದೃಶ್ಯ: ಹಿತ್ತಿಲ ಗೂಡು. ಒಣಹುಲ್ಲಿನ ಬುಟ್ಟಿಯಲ್ಲಿ ಕರಿ ನಾಟಿ ಹೇಂಟೆ, ಪುಕ್ಕ ಉಬ್ಬಿಸಿಕೊಂಡು ಕೂತಿದೆ.]

ಈ ಕೋಳಿ ನೋಡಿ. ಬೆಳಗ್ಗೆಯಿಂದ ಬುಟ್ಟಿ ಬಿಟ್ಟು ಎದ್ದಿಲ್ಲ. ನಿಮ್ಮ ಮನೆಯಲ್ಲಾದರೆ ಏನಂತೀರಿ? "ಕಾವಿಗೆ ಬಂದಿದೆ, ಬಿಡಿ." ಅಲ್ವಾ?

ಎರಡು ವರ್ಷದ ಹಿಂದೆ ನಮ್ಮ ಸ್ವರ್ಣಧಾರಾ ಕೋಳಿ ಹೀಗೇ ಕೂತಾಗ ನಾನೂ ಅದನ್ನೇ ಅಂದಿದ್ದೆ. ಮೂರನೇ ದಿನ ಅದು ಬುಟ್ಟಿಯಲ್ಲೇ ಸತ್ತಿತ್ತು. ಕೊಯ್ದು ನೋಡಿದರೆ, ಪೂರ್ತಿ ಬೆಳೆದ ಮೊಟ್ಟೆಯೊಂದು ದಾರಿಗೆ ಅಡ್ಡ ನಿಂತಿತ್ತು. ಸ್ವರ್ಣಧಾರಾ, ಗಿರಿರಾಜದಂಥ ತಳಿಗಳು ಕಾವಿಗೆ ಕೂರುವುದೇ ಅಪರೂಪ. ಅಷ್ಟು ಹೊಳೆದಿದ್ದರೆ ಸಾಕಿತ್ತು.

ನಮಸ್ಕಾರ. ಇವತ್ತು ಹೇಂಟೆಗಳ ಮೊಟ್ಟೆ ಕಾಯಿಲೆಗಳ ವಿಷಯ.

[ದೃಶ್ಯ: ಎರಡು ಕೋಳಿಗಳ ಹೋಲಿಕೆ.]

ಕಾವಿನ ಕೋಳಿಯ ಹತ್ತಿರ ಕೈ ತನ್ನಿ. ಮೈ ಅಗಲ ಮಾಡಿ ಗುರ್ ಅನ್ನುತ್ತದೆ, ಕುಕ್ಕುತ್ತದೆ. ದಿನಕ್ಕೊಂದು ಸಲ ಎದ್ದು, ಗಬಗಬ ತಿಂದು, ದೊಡ್ಡದೊಂದು ಹಿಕ್ಕೆ ಹಾಕಿ ಮತ್ತೆ ಓಡಿ ಬಂದು ಕೂರುತ್ತದೆ. ಕಾಯಿಲೆ ಕೋಳಿಗೆ ಜಗಳವಾಡೋ ತ್ರಾಣ ಇರುವುದಿಲ್ಲ. ಎತ್ತಿದರೆ ಸುಮ್ನೆ ಎತ್ತಿಸಿಕೊಳ್ಳುತ್ತದೆ. ನೆಲಕ್ಕೆ ಬಿಟ್ಟರೆ ಬಾಲ ಜೋತುಬಿದ್ದು, ಪೆಂಗ್ವಿನ್ ಥರ ನೆಟ್ಟಗೆ ನಿಲ್ಲುತ್ತದೆ. ತಿಣುಕುತ್ತದೆ, ಏನೂ ಬರುವುದಿಲ್ಲ. ಜುಟ್ಟು ಬಿಳಿಚಿಕೊಂಡಿರುತ್ತದೆ.

ಈಗ ಹೊಟ್ಟೆ ಮುಟ್ಟಿ ನೋಡಬೇಕು.

[ದೃಶ್ಯ: ಹತ್ತಿರದಿಂದ. ಕಂಕುಳಲ್ಲಿ ಅವಚಿಕೊಂಡ ಕೋಳಿ, ಬಾಲದ ಕೆಳಗೆ ಬೆರಳುಗಳು.]

ಬಾಲದ ಕೆಳಗೆ, ಎರಡೂ ಪಕ್ಕ ಎರಡು ಸಣ್ಣ ಎಲುಬಿನ ತುದಿ ಕೈಗೆ ಸಿಗುತ್ತವೆ. ಮೊಟ್ಟೆ ಇಡುತ್ತಿರುವ ಕೋಳಿಗೆ ಇವುಗಳ ನಡುವೆ ಎರಡು ಮೂರು ಬೆರಳು ಹಿಡಿಸುತ್ತದೆ. ಅಲ್ಲಿಂದ ಕಾಲಿನ ಕಡೆಗೆ ಹೊಟ್ಟೆ ಮೆತ್ತಗಿರಬೇಕು. ಗಟ್ಟಿಯಾಗಿ ದುಂಡಗೆ ಸಿಕ್ಕರೆ ಅದು ಮೊಟ್ಟೆ. ಆದರೆ ಗಾಬರಿ ಬೇಡ. ಓಡಾಡಿಕೊಂಡು ಕೆದಕುತ್ತಿರುವ ಕೋಳಿಯ ಹೊಟ್ಟೆಯಲ್ಲೂ ದಿನದ ಬಹುಪಾಲು ಮೊಟ್ಟೆ ಇದ್ದೇ ಇರುತ್ತದೆ. ಮಂಕು, ತಿಣುಕಾಟ, ಗಟ್ಟಿ ಮೊಟ್ಟೆ, ಮೂರೂ ಸೇರಿದರೆ ಮಾತ್ರ ಸಿಕ್ಕಿಹಾಕಿಕೊಂಡಿದೆ ಅಂತ ಅರ್ಥ. ಜೋರಾಗಿ ಒತ್ತಬೇಡಿ. ಮೊಟ್ಟೆ ಒಳಗೆ ಒಡೆದರೆ ಚಿಪ್ಪಿನ ಚೂರು ಗಾಯ ಮಾಡುತ್ತದೆ.

ಯಾಕೆ ಸಿಕ್ಕಿಕೊಳ್ಳುತ್ತದೆ? ಕೋಳಿಗೆ ಕೆಲಸ ಮಾಡುವ ಅಂಡಾಶಯ ಒಂದೇ, ಎಡಗಡೆಯದು. ಅಲ್ಲಿಂದ ಹೊರಟ ಮೊಟ್ಟೆಯ ಹಳದಿ ಭಂಡಾರ ಎರಡಡಿಗಿಂತ ಉದ್ದದ ನಾಳದಲ್ಲಿ ಸುಮಾರು 25 ಗಂಟೆ ಪ್ರಯಾಣ ಮಾಡುತ್ತದೆ. ಅದರಲ್ಲಿ 20 ಗಂಟೆ ಚಿಪ್ಪು ಕಟ್ಟುವುದಕ್ಕೇ ಬೇಕು. ಒಂದು ಚಿಪ್ಪಿಗೆ ಹತ್ತಿರ ಹತ್ತಿರ 2 ಗ್ರಾಂ ಕ್ಯಾಲ್ಸಿಯಂ. ಕೊನೆಗೆ ಮೊಟ್ಟೆಯನ್ನು ಹೊರಗೆ ದೂಡುವ ಸ್ನಾಯುವಿಗೂ ಕ್ಯಾಲ್ಸಿಯಂ ಬೇಕು. ಬರೀ ಅಕ್ಕಿ ನುಚ್ಚು, ಉಳಿದ ಅನ್ನ ತಿಂದ ಕೋಳಿಗೆ ಅದೆಲ್ಲಿಂದ ಬರಬೇಕು? ಮೈ ಕೊಬ್ಬಿದ್ದರೆ, ಮೊಟ್ಟೆ ತೀರಾ ದೊಡ್ಡದಿದ್ದರೆ ಕಷ್ಟ ಇನ್ನೂ ಜಾಸ್ತಿ.

[ದೃಶ್ಯ: ಪ್ಲಾಸ್ಟಿಕ್ ಟಬ್‌ನಲ್ಲಿ ಕೋಳಿ, ಹೊಟ್ಟೆ ಮುಳುಗುವಷ್ಟು ನೀರು.]

ಮೊಟ್ಟೆ ಸಿಕ್ಕಿಕೊಂಡರೆ ಹೀಗೆ ಮಾಡಿ. ನೀರಿನ ಬಿಸಿ ಕೂಸಿಗೆ ಎರೆಯುವ ಹದದಲ್ಲಿರಲಿ. 15-20 ನಿಮಿಷ ಕೂರಿಸಿ. ಮೊದಲು ಒದ್ದಾಡುತ್ತದೆ, ಆಮೇಲೆ ಕಣ್ಣು ಮುಚ್ಚಿ ಹಾಯಾಗಿ ಕೂರುತ್ತದೆ. ಚೆನ್ನಾಗಿ ಒರೆಸಿ, ಮೊಟ್ಟೆ ಬರುವ ಜಾಗಕ್ಕೆ ಕೊಬ್ಬರಿ ಎಣ್ಣೆ ಸವರಿ, ಬೆಚ್ಚಗಿನ ಕತ್ತಲ ಡಬ್ಬದಲ್ಲಿಡಿ. ಒಂದು ತಾಸು ಹೋಗಿ ಹೋಗಿ ಇಣುಕಬೇಡಿ! ದ್ರವ ಕ್ಯಾಲ್ಸಿಯಂ ಇದ್ದರೆ ಕೊಕ್ಕಿನ ಅಂಚಿಗೆ ಹನಿ ಹನಿಯಾಗಿ ಕೊಡಿ. ಗಂಟಲಿಗೆ ಸುರಿದರೆ ಶ್ವಾಸನಾಳಕ್ಕೆ ಹೋಗುತ್ತದೆ, ಅದರ ಬಾಯಿ ನಾಲಿಗೆಯ ಬುಡದಲ್ಲೇ ಇದೆ. ಸಂಜೆಯೊಳಗೆ ಮೊಟ್ಟೆ ಬರಲಿಲ್ಲವೆಂದರೆ ಪಶು ಆಸ್ಪತ್ರೆಗೆ ಒಯ್ಯಿರಿ, ಅಥವಾ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ ಕೇಳಿ. ಎರಡು ದಿನ ಕಾಯುವ ಕಾಯಿಲೆ ಇದಲ್ಲ. "ಮುನ್ನೂರು ರೂಪಾಯಿ ಕೋಳಿಗೆ ಡಾಕ್ಟರಾ?" ಅಂತ ಅಲ್ಲಿದ್ದವರು ನಕ್ಕರೆ ನಗಲಿ.

ಹಸುವಿಗೆ ಮೈ ಹೊರಗೆ ಬರುತ್ತದಲ್ಲ, ಕೋಳಿಗೂ ಹಾಗಾಗುತ್ತದೆ, ಮೊಟ್ಟೆ ನಾಳ ಹೊರಕ್ಕೆ ಜಾರುತ್ತದೆ. ಕೆಂಪು ಮಾಂಸ ಕಂಡ ಕೂಡಲೇ ಆ ಕೋಳಿಯನ್ನು ಬೇರೆ ಇಡಿ. ಉಳಿದ ಕೋಳಿಗಳು ಆ ಮಾಂಸವನ್ನೇ ಕುಕ್ಕಿ ಕರುಳು ಎಳೆದುಬಿಡುತ್ತವೆ. ಕುದಿಸಿ ಆರಿಸಿದ ಉಪ್ಪುನೀರಲ್ಲಿ ತೊಳೆದು, ಎಣ್ಣೆ ಸವರಿದ ಬೆರಳಿಂದ ಮೆಲ್ಲಗೆ ಒಳಕ್ಕೆ ಸರಿಸಿ. ಮತ್ತೆ ಮತ್ತೆ ಬಂದರೆ ಡಾಕ್ಟರ್ ನೋಡಲಿ.

ಇನ್ನು ಹೊಟ್ಟೆ ನೀರು ತುಂಬಿದ ಬಲೂನಿನಂತೆ ತುಳುಕಿದರೆ? ಭಂಡಾರ ನಾಳಕ್ಕೆ ಇಳಿಯದೆ ಹೊಟ್ಟೆಯೊಳಗೆ ಬಿದ್ದು, ಅಲ್ಲಿ ಸೋಂಕು ಹತ್ತಿರಬಹುದು. ಬುಟ್ಟಿಯಲ್ಲಿ ರಬ್ಬರಿನಂಥ, ಮಾಸಲು ಹಳದಿ ಮುದ್ದೆ ಸಿಕ್ಕರೆ ಎಸೆಯುವ ಮುಂಚೆ ಕೊಯ್ದು ನೋಡಿ. ಈರುಳ್ಳಿಯ ಹಾಗೆ ಪದರ ಪದರ ಇರುತ್ತದೆ. ಅದು ಮೊಟ್ಟೆಯಲ್ಲ, ಗಟ್ಟಿಯಾದ ಕೀವು. ನಾಳಕ್ಕೇ ಸೋಂಕು ತಗುಲಿದೆ. ಇವೆರಡಕ್ಕೂ ಮನೆ ಮದ್ದಿಲ್ಲ. ಡಾಕ್ಟರ್ ಆಂಟಿಬಯಾಟಿಕ್ ಕೊಡಬಹುದು, ಆದರೂ ತುಂಬಾ ಕೋಳಿಗಳು ಉಳಿಯುವುದಿಲ್ಲ. ಫಾರಂನವರು ಸುಮಾರು 72 ವಾರದ ವಯಸ್ಸಿಗೆ ಮಾರುವ ಲೇಯರ್ (ಮೊಟ್ಟೆಗೆಂದೇ ಸಾಕಿದ) ಕೋಳಿಗಳನ್ನು ಅಗ್ಗಕ್ಕೆ ತಂದು ಸಾಕುವವರು ಇದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡಿರಬೇಕು. ವರ್ಷಕ್ಕೆ 300 ಮೊಟ್ಟೆ ಇಟ್ಟು ದಣಿದ ನಾಳ ಅದು. ಮತ್ತೆ, ಸೋಂಕು ತಗುಲಿದ ಕೋಳಿಯನ್ನು ಸಾರಿಗೆ ಹಾಕಬೇಡಿ. ಔಷಧಿ ಕೊಟ್ಟ ಕೋಳಿಯ ಮೊಟ್ಟೆಯನ್ನು ಎಷ್ಟು ದಿನ ತಿನ್ನಬಾರದು ಅಂತ ಡಾಕ್ಟರನ್ನೇ ಕೇಳಿ.

ಮೊಟ್ಟೆ ಇಡುವ ಕೋಳಿಗೆ ಲೇಯರ್ ಫೀಡ್ ಕೊಡಿ. ಕಪ್ಪೆಚಿಪ್ಪಿನ ಪುಡಿ ಬೇರೆ ಬಟ್ಟಲಲ್ಲಿಡಿ, ಬೇಕಾದಷ್ಟು ಅದೇ ತಿನ್ನುತ್ತದೆ. ಮರಿಗಳಿಗೆ ಇವೆರಡೂ ಬೇಡ, ಕ್ಯಾಲ್ಸಿಯಂ ಹೆಚ್ಚಾಗಿ ಮೂತ್ರಪಿಂಡ ಹಾಳಾಗುತ್ತದೆ.

[ದೃಶ್ಯ: ಮೊದಲಿನ ಕರಿ ಹೇಂಟೆ. ಕೈ ಹತ್ತಿರ ಹೋಗುತ್ತದೆ.]

ಈಗ ಇದರ ಸರದಿ. ಹೊಟ್ಟೆ ಮುಟ್ಟೋಣ ಅಂತ ಕೈ ಹಾಕಿದೆ... ಅಯ್ಯೋ! ನೋಡಿ, ಬೆರಳಲ್ಲಿ ರಕ್ತ. ಇದು ಕಾವೇ. ಸಂಜೆ ಕೆಳಗೆ ಹತ್ತು ಮೊಟ್ಟೆ ಇಡುತ್ತೇನೆ. 21 ದಿನ ಆದ ಮೇಲೆ ಸಿಗೋಣ.