ರಿಫಾರ್ಮೇಟರಿಗೆ ಹೋದ ಹುಡುಗರು

ಎಲ್ಲರಿಗೂ ನಮಸ್ಕಾರ.

ಒಂದು ತಂಬಿಗೆ ಕದ್ದ ಹುಡುಗನನ್ನು ಕಲ್ಪಿಸಿಕೊಳ್ಳಿ. ಮುಂಬಯಿ ಪ್ರಾಂತ್ಯದ ಯಾವುದೋ ಪೇಟೆ, ಇಪ್ಪತ್ತನೇ ಶತಮಾನದ ಶುರು. ಅವನ ಹೆಸರು ಬೇಡ, ಇಂಥವರು ಎಷ್ಟೋ ಜನ ಇದ್ದರು. ರಿಫಾರ್ಮೇಟರಿ ಅಂದರೆ ತಪ್ಪು ಮಾಡಿದ ಹುಡುಗರನ್ನು ಕೂಡಿಟ್ಟು ತಿದ್ದುವ ಶಾಲೆ. ಅವನ ವಿಷಯದಲ್ಲಿ ನಾನು ಹೇಳುವ ನಿಯಮಗಳೆಲ್ಲ 1897ರ ರಿಫಾರ್ಮೇಟರಿ ಶಾಲೆಗಳ ಕಾಯ್ದೆಯಲ್ಲಿ ಇರುವಂಥವೇ.

ಅಷ್ಟು ಸಣ್ಣ ಕಳ್ಳತನಕ್ಕೆ ದೊಡ್ಡವರಾಗಿದ್ದರೆ ಕೆಲವು ವಾರವೋ ತಿಂಗಳೋ ಜೈಲಾಗುತ್ತಿತ್ತು. ಹುಡುಗನಿಗೆ ಜೈಲಿನ ಬದಲು ರಿಫಾರ್ಮೇಟರಿ. ಎಷ್ಟು ದಿನ? ಕಡಿಮೆಯೆಂದರೆ 3 ವರ್ಷ, ಜಾಸ್ತಿಯೆಂದರೆ 7. ಹದಿನೆಂಟು ತುಂಬಿದರೆ ಮಾತ್ರ ಅಲ್ಲಿ ಇಟ್ಟುಕೊಳ್ಳುವಂತಿಲ್ಲ.

ವಯಸ್ಸು 15ರ ಒಳಗಿರಬೇಕು. ಆದರೆ ಆಗ ಬಡವರ ಮನೆಯಲ್ಲಿ ಹುಟ್ಟಿದ ತಾರೀಖು ಯಾರು ಬರೆದಿಡುತ್ತಿದ್ದರು? ಮ್ಯಾಜಿಸ್ಟ್ರೇಟರು ವಿಚಾರಿಸಿ ಒಂದು ವಯಸ್ಸು ಗೊತ್ತುಮಾಡುತ್ತಿದ್ದರು. ಅದು ತಪ್ಪು ಅಂತ ಮೇಲಿನ ಕೋರ್ಟಿಗೆ ಹೋದರೂ ಆ ಆದೇಶ ಬದಲಾಗುವಂತಿರಲಿಲ್ಲ. 16ನೇ ಕಲಂ ಆ ಬಾಗಿಲನ್ನೇ ಮುಚ್ಚಿಬಿಟ್ಟಿತ್ತು. ಈ ಕಾಯ್ದೆಯಲ್ಲಿ ನನಗೆ ಎಲ್ಲಕ್ಕಿಂತ ಕ್ರೂರವಾಗಿ ಕಾಣುವುದು ಇದೇ.

ಇನ್ನೊಂದು ನಿಯಮ ನೋಡಿ. ರಾತ್ರಿ ಹುಡುಗರನ್ನು ಬೇರೆಬೇರೆಯಾಗಿ ಮಲಗಿಸುವ ವ್ಯವಸ್ಥೆ ಇರಬೇಕು. ಅಣ್ಣತಮ್ಮಂದಿರ ಮಧ್ಯೆ ಒಂದೇ ಕಂಬಳಿಯಲ್ಲಿ ಮಲಗಿ ಬೆಳೆದ ಹುಡುಗ ಈಗ ಒಬ್ಬನೇ ಮಲಗಬೇಕು. ಊಟ, ಬಟ್ಟೆ, ಹಾಸಿಗೆ, ಔಷಧಿ ಎಲ್ಲಕ್ಕೂ ಏರ್ಪಾಡಿತ್ತು, ನಿಜ. ಕೈಕಸುಬೂ ಕಲಿಸುತ್ತಿದ್ದರು. ಆದರೆ ನಿಯಮ ಮೀರಿ ಹೊರಗಿನವರು ಅವನೊಡನೆ ಮಾತಾಡಿದರೂ ಅಪರಾಧ. ಹೆತ್ತ ತಾಯಿಯೇ ಆದರೂ!

ಹುಡುಗ ಓಡಿಹೋದರೆ? ವಾರಂಟ್ ಇಲ್ಲದೆ ಪೊಲೀಸರು ಹಿಡಿದು ವಾಪಸ್ ತರಬಹುದಿತ್ತು. ತಪ್ಪಿಸಿಕೊಳ್ಳಲು ಸಹಾಯ ಮಾಡಿದವರಿಗೂ ಶಿಕ್ಷೆ. ಓಡಿಹೋದವನನ್ನು ಹಟಮಾರಿ ಅಂದುಬಿಡುವುದು ಸುಲಭ. ಮನೆ ನೆನಪಾಗಿ ಓಡಿದ ಅನ್ನೋದು ನನಗೆ ಹೆಚ್ಚು ನಂಬುವಂಥ ಮಾತು.

ಈ ಶಾಲೆಗಳನ್ನು ಕಟ್ಟಿದವರೆಲ್ಲ ಕೆಟ್ಟವರಲ್ಲ. ಪಳಗಿದ ಕಳ್ಳರ ಜೊತೆ ಮಕ್ಕಳನ್ನು ಕೂಡಿಹಾಕಬಾರದು ಅನ್ನುವ ಕಾಳಜಿ ಇತ್ತು. ಮುಂಬಯಿಯ ಡೇವಿಡ್ ಸಸೂನ್ ಸಂಸ್ಥೆ ಇಂಥದೇ ಒಂದು ಶಾಲೆ, 1857ರಷ್ಟು ಹಿಂದಿನದು. ಆದರೆ ಹುಡುಗ ಕೆಟ್ಟದ್ದು ಮನೆಯಿಂದಲೇ, ಹಾಗಾಗಿ ಮನೆಯಿಂದ ದೂರ ಇಟ್ಟರೆ ಸರಿಹೋಗುತ್ತಾನೆ ಅಂತ ಅವರು ನಂಬಿದ್ದರು. ಹಸಿವಿನ ಮಾತು ಎಲ್ಲೂ ಬರಲಿಲ್ಲ.

ಆ ನಂಬಿಕೆ ಎಲ್ಲಿಗೆ ಮುಟ್ಟಿತು ಗೊತ್ತಾ? ಕೆಲವು ಬುಡಕಟ್ಟುಗಳನ್ನು ಇಡಿಯಾಗಿ ಅಪರಾಧಿಗಳು ಅಂತ ಹಣೆಪಟ್ಟಿ ಹಚ್ಚುತ್ತಿದ್ದ ಅಪರಾಧಿ ಬುಡಕಟ್ಟುಗಳ ಕಾಯ್ದೆಗೆ ಅದೇ 1897ರಲ್ಲಿ ತಿದ್ದುಪಡಿ ಬಂತು. ಆ ಬುಡಕಟ್ಟುಗಳಲ್ಲಿ ಹುಟ್ಟಿದ, ನಾಲ್ಕು ವರ್ಷ ದಾಟಿದ ಮಕ್ಕಳನ್ನೂ ತಂದೆತಾಯಿಯಿಂದ ಬಿಡಿಸಿ ಸರಕಾರದ ವಸತಿಗಳಲ್ಲಿ ಇಡಬಹುದು ಅಂತಾಯಿತು. ಆ ಮಕ್ಕಳು ಏನೂ ಕದ್ದಿರಲಿಲ್ಲ. ನಾಲ್ಕು ವರ್ಷದ ಮಗು ಏನು ಕದಿಯುತ್ತೆ, ಹೇಳಿ?

1919-20ರ ಜೈಲು ಸಮಿತಿ ಈ ವ್ಯವಸ್ಥೆಯನ್ನೆಲ್ಲ ಹೊಸದಾಗಿ ಪರಿಶೀಲಿಸಿತು. ಮದರಾಸಿನಲ್ಲಿ 1920, ಬಂಗಾಳದಲ್ಲಿ 1922, ಮುಂಬಯಿಯಲ್ಲಿ 1924ರಲ್ಲಿ ಮಕ್ಕಳ ಕಾಯ್ದೆಗಳು ಬಂದವು. 1929ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಬೋರ್ಸ್ಟಲ್ ಕಾಯ್ದೆ ಬಂತು. ಬೋರ್ಸ್ಟಲ್ ಅಂದರೆ ಸ್ವಲ್ಪ ದೊಡ್ಡ ಹುಡುಗರನ್ನು ಜೈಲಿನ ಬದಲು ಇಟ್ಟು ತಿದ್ದುವ ಶಾಲೆ. ಆ ಬೋರ್ಸ್ಟಲ್ ಶಾಲೆ ಇದ್ದದ್ದು ನಮ್ಮ ಧಾರವಾಡದಲ್ಲೇ.

ಕಾಯ್ದೆಗಳೇನೋ ಸಿಗುತ್ತವೆ. ಆ ಹುಡುಗರು ತಾವೇ ಹೇಳಿಕೊಂಡ ಮಾತು ಸಿಗುವುದು ಬಹಳ ಕಷ್ಟ. ಅದಕ್ಕೇ ಕೇಳುತ್ತೇನೆ: ಧಾರವಾಡದ ಕಡೆಯ ಹಿರಿಯರು ಇಲ್ಲಿದ್ದರೆ, ಆ ಶಾಲೆಯ ಬಗ್ಗೆ ಮನೆಯಲ್ಲಿ ಏನಾದರೂ ಕೇಳಿದ್ದರೆ, ದಯವಿಟ್ಟು ಈಗಲೇ ಹೇಳಿ. ನಾನು ಬರೆದುಕೊಳ್ಳುತ್ತೇನೆ.